ಲೆಂಕೊ, ಥೋರೆನ್ಸ್, ಟೆಕ್ನಿಕ್ಸ್: ಹಳೇ ಬಿಡಿಭಾಗಗಳಿಂದ ಟರ್ನ್‌ಟೇಬಲ್ ಕಟ್ಟುವವರಿಗೆ

ಮನೆಯ ಅಟ್ಟದ ಮೇಲೆ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಾಡಿನ ಪ್ಲೇಟುಗಳು ಇನ್ನೂ ಉಳಿದಿದ್ದರೆ, ಸೆಕೆಂಡ್ ಹ್ಯಾಂಡ್ ಸಾಮಾನು ಕೂಡಿಸಿ ಟರ್ನ್‌ಟೇಬಲ್ ಕಟ್ಟುವ ಮನಸ್ಸಿದ್ದರೆ, ಲೆಂಕೊ ಎಲ್75 ಹುಡುಕಿ. ಥೋರೆನ್ಸ್ ಟಿಡಿ 160 ಮತ್ತು ಟೆಕ್ನಿಕ್ಸ್ ಎಸ್‌ಎಲ್-1200ಎಂಕೆ2 ಎರಡನ್ನೂ ಬಿಚ್ಚಿ, ಜೋಡಿಸಿ, ನುಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು. ಅವೆರಡೂ ಒಳ್ಳೆಯ ಯಂತ್ರಗಳೇ. ಆದರೆ 33 ಮತ್ತು 45 ಬಿಟ್ಟರೆ ಅವುಗಳಲ್ಲಿ ಬೇರೆ ವೇಗವಿಲ್ಲ. ಟೆಕ್ನಿಕ್ಸ್‌ನಲ್ಲಿ ವೇಗ ಏರಿಸಿ ಇಳಿಸುವ ಪಿಚ್ ಪಟ್ಟಿಯನ್ನು ತುದಿಯವರೆಗೆ ಎಳೆದರೂ 45ರ ಮೇಲೆ ಶೇ 8 ಸೇರಿ 48.6 ಆಗುತ್ತದೆ, ಅಷ್ಟೇ.

ಥೋರೆನ್ಸ್ ಬಗ್ಗೆ ಎಲ್ಲರೂ ಹೊಗಳುವುದು ಅದರ ಮೌನವನ್ನು. ಅದು ನಿಜ. ಪ್ಲೇಟು ಕೂರುವ ತಟ್ಟೆ ಮತ್ತು ಮುಳ್ಳು ಹೊತ್ತ ಆರ್ಮ್ ಎರಡೂ ಮೂರು ಸ್ಪ್ರಿಂಗ್‌ಗಳ ಮೇಲೆ ತೇಲುತ್ತವೆ, ಮೋಟರಿನ ನಡುಕ ಬೆಲ್ಟಿನಲ್ಲೇ ಸತ್ತುಹೋಗುತ್ತದೆ. ತೊಂದರೆ ಇರುವುದು ಪುಲಿಯಲ್ಲಿ, ಅಂದರೆ ಬೆಲ್ಟನ್ನು ಎಳೆಯುವ ಮೋಟರಿನ ಪುಟ್ಟ ಗಾಲಿಯಲ್ಲಿ. ನಮ್ಮವರು ಅಮೆರಿಕದಿಂದ ಸೂಟ್‌ಕೇಸಿನಲ್ಲಿ ತರುವ ಯಂತ್ರಗಳಿಗೆ 60 ಹರ್ಟ್ಸ್ ಕರೆಂಟಿಗೆಂದು ಮಾಡಿದ ಪುಲಿ ಇರುತ್ತದೆ. ಇದರ ಮೋಟರ್ 16 ಪೋಲಿನ ಸಿಂಕ್ರನಸ್ ಜಾತಿಯದು, ಕರೆಂಟಿನ ಹರ್ಟ್ಸ್ ಎಷ್ಟೋ ಅದಕ್ಕೆ ತಕ್ಕ ವೇಗದಲ್ಲೇ ತಿರುಗುತ್ತದೆ. 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 450 ಸುತ್ತು, ನಮ್ಮ 50 ಹರ್ಟ್ಸ್‌ನಲ್ಲಿ 375. ಪುಲಿ ಅದೇ ಉಳಿದರೆ 33⅓ ಇರಬೇಕಾದ ತಟ್ಟೆ 27.8ರಲ್ಲಿ ತಿರುಗುತ್ತದೆ. ಐದು ಮನೆ ಶ್ರುತಿಯ ಹಾಡು ಮೂರು ಮನೆಗೆ ಇಳಿದು, ಹಾಡುವವರಿಗೆ ನಿದ್ದೆ ಬಂದಂತೆ ಕೇಳುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು, ಕೆಲಸ ಮುಗಿಯಿತೆಂದು ಕೂರುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ಮೋಟರ್ ಸುಡುವುದು ತಪ್ಪುತ್ತದೆ, ವೇಗ ಮಾತ್ರ ಎಳ್ಳಷ್ಟೂ ಬದಲಾಗದು. ಬೆಲ್ಟ್ ಹಳತಾಗಿದೆ ಎಂದು ಹೊಸ ಬೆಲ್ಟ್ ಹಾಕುವುದು, ಬೇರಿಂಗಿಗೆ ಮತ್ತೆ ಮತ್ತೆ ಎಣ್ಣೆ ಬಿಡುವುದು, ಎಲ್ಲವೂ ವ್ಯರ್ಥ. ವೇಗ ಸರಿಯಾಗಿ ಆರರಲ್ಲಿ ಒಂದು ಪಾಲು ಕಡಿಮೆ ಇದ್ದರೆ ಬೆಲ್ಟನ್ನು ದೂರಬೇಡಿ. ಸವೆದ ಬೆಲ್ಟಿನ ವೇಗ ಹೀಗೆ ಲೆಕ್ಕಕ್ಕೆ ಕೂರುವುದಿಲ್ಲ, ಆಗಾಗ ಜಾರಿ ಏರುಪೇರಾಗುತ್ತದೆ.

50 ಹರ್ಟ್ಸ್ ಪುಲಿಯನ್ನೇ ಹುಡುಕಿ ತರುವುದು ಒಂದು ದಾರಿ. ಇನ್ನೊಂದು, ಬೆಂಗಳೂರಿನ ಪೀಣ್ಯದ ಕಡೆಯ ಲೇತ್ ಅಂಗಡಿಯಲ್ಲಿ ಕಡೆಸುವುದು. ‘ಹಳೇ ಪುಲಿಯ ವ್ಯಾಸಕ್ಕೆ 1.2ರ ಗುಣಾಕಾರ’ ಎಂದು ಹೇಳಿ ಬಂದರೆ ಮತ್ತೆ ತಪ್ಪುತ್ತದೆ. ಬೆಲ್ಟಿನ ದಪ್ಪವೂ ವ್ಯಾಸದ ಭಾಗವೇ. ಸರಿಯಾದ ಲೆಕ್ಕ: ಹಳೇ ವ್ಯಾಸದ 1.2 ಪಟ್ಟು, ಅದಕ್ಕೆ ಬೆಲ್ಟಿನ ದಪ್ಪದ ಐದನೇ ಒಂದು ಪಾಲು ಕೂಡಿಸಬೇಕು. ಅರ್ಧ ಮಿ.ಮೀ. ಬೆಲ್ಟಿಗೆ ಇದು 0.1 ಮಿ.ಮೀ. ಆಗುತ್ತದೆ. ಏನು ಮಹಾ ಎನ್ನಬೇಡಿ, 10 ಮಿ.ಮೀ. ಆಸುಪಾಸಿನ ಪುಲಿಯಲ್ಲಿ ಅದು ಶೇ 1. ಪುಲಿಯ ಮಧ್ಯೆ ತುಸು ಉಬ್ಬು ಇರಬೇಕು, ಮಟ್ಟಸವಾಗಿ ಕಡೆದರೆ ಬೆಲ್ಟ್ ಮೇಲೆ ಕೆಳಗೆ ಓಡಾಡುತ್ತದೆ. ರಂಧ್ರ ಕೂದಲೆಳೆಯಷ್ಟು ಆಚೀಚೆಯಾದರೂ ಸೆಕೆಂಡಿಗೆ ಆರು ಸಲದ ನಡುಕ ಸ್ವರಕ್ಕೆ ಸೇರುತ್ತದೆ, ವೀಣೆಯ ನಿಂತ ಸ್ವರದಲ್ಲಿ ಇದು ಮೊದಲು ಗೊತ್ತಾಗುತ್ತದೆ. ಇಷ್ಟೆಲ್ಲ ಆದ ಮೇಲೂ 78 ಸಿಗುವುದಿಲ್ಲ.

ಲೆಂಕೊದಲ್ಲಿ ಈ ರಗಳೆಯೇ ಇಲ್ಲ. ಮೋಟರಿನ ದಂಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ. ನೆಟ್ಟಗೆ ನಿಂತ ರಬ್ಬರ್ ಅಂಚಿನ ಐಡ್ಲರ್ ಚಕ್ರ ಆ ದಂಡಕ್ಕೂ ತಟ್ಟೆಯ ತಳಕ್ಕೂ ನಡುವೆ ಉರುಳುತ್ತದೆ. ಲಿವರ್ ಸರಿಸಿದಂತೆ ಚಕ್ರವೂ ದಂಡದ ಮೇಲೆ ಸರಿಯುತ್ತದೆ, 16ರಿಂದ 78ರವರೆಗೆ ಯಾವ ವೇಗವೂ ಸಿಗುತ್ತದೆ. ಹಳೇ ಪ್ಲೇಟುಗಳ ಮೇಲೆ 78 ಎಂದು ಬರೆದಿದ್ದರೂ ಧ್ವನಿಮುದ್ರಣ ನಿಖರವಾಗಿ ಅದೇ ವೇಗದಲ್ಲಿ ಆಗಿರಬೇಕೆಂದಿಲ್ಲ. ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟು ಲಿವರ್ ಸರಿಸಿ ಹೊಂದಿಸಿಕೊಳ್ಳಬಹುದು.

ವೇಗ ನೋಡಲು 50 ಹರ್ಟ್ಸ್‌ನ ಸ್ಟ್ರೋಬ್ ಕಾಗದ ಬೇಕು. ತಟ್ಟೆಯ ಮೇಲಿಟ್ಟು ತಿರುಗಿಸಿದಾಗ ವೇಗ ಸರಿಯಿದ್ದರೆ ಅದರ ಗೆರೆಗಳು ನಿಂತಂತೆ ಕಾಣುತ್ತವೆ. 33⅓ಕ್ಕೆ 180 ಗೆರೆ, 78ಕ್ಕೆ 77 ಗೆರೆ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದರಲ್ಲಿ 216 ಗೆರೆ ಇದ್ದರೆ ಅದು 60 ಹರ್ಟ್ಸ್‌ನದು. ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಹಲವು ಸಲ ಗೆರೆ ನಿಲ್ಲುವುದೇ ಇಲ್ಲ. ಹಳೇ ಎಕ್ಸ್‌ಟೆನ್ಷನ್ ಬಾಕ್ಸಿನ ಕೆಂಪು ನಿಯಾನ್ ದೀಪವನ್ನು ಹತ್ತಿರ ಹಿಡಿದು, ಕೋಣೆ ಕತ್ತಲು ಮಾಡಿ.

ಲೆಂಕೊದ ಕಾಯಿಲೆಗಳು ಹೀಗಿವೆ. ಆರ್ಮ್ ಕೂರುವ ಎರಡು ವಿ-ಬ್ಲಾಕ್‌ಗಳು (ವಿ ಆಕಾರದ ಪುಟ್ಟ ತುಂಡುಗಳು) ಇಷ್ಟು ವರ್ಷಗಳಲ್ಲಿ ಪುಡಿಯಾಗಿರುತ್ತವೆ. ಆರ್ಮ್ ಅಲುಗಾಡಿದರೆ, ಗಟ್ಟಿ ಸ್ವರದಲ್ಲಿ ಕರಕರ ಬಂದರೆ ಮೊದಲು ಅಲ್ಲೇ ನೋಡಿ. ಹೊಸ ಜೋಡಿ ಕೂರಿಸುವ ಮೊದಲು ಗುಳಿಯಲ್ಲಿ ಅಂಟಿದ ಹಳೇ ಚೂರನ್ನು ಮರದ ಕಡ್ಡಿಯಿಂದ ಪೂರ್ತಿ ಕೆರೆಯಬೇಕು, ಇಲ್ಲವಾದರೆ ಹೊಸತು ಓರೆಯಾಗಿ ಕೂರುತ್ತದೆ. ಆರ್ಮಿನ ಹಿಂದಿನ ತೂಕದ ಬಳಿಯ ರಬ್ಬರ್ ಕೂಡ ಜೋತುಬಿದ್ದಿರುತ್ತದೆ.

ಗುಡುಗುಡು ಶಬ್ದ ಬಂದರೆ ಎಣಿಸಿ. 33ರಲ್ಲಿ ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸುತ್ತಿಗೊಂದೇ ಸಲ ಬಂದರೆ ಪ್ಲೇಟು ಡೊಂಕು ಅಥವಾ ತಟ್ಟೆಯ ದೋಷ. ಸುತ್ತಿಗೆ ಹಲವು ಸಲ ‘ಟುಪ್ ಟುಪ್’ ಬಂದರೆ ಐಡ್ಲರಿನ ರಬ್ಬರಿನಲ್ಲಿ ತಗ್ಗು ಬಿದ್ದಿದೆ. ತಟ್ಟೆ ಎತ್ತಿಟ್ಟು, ಮೋಟರ್ ಓಡುತ್ತಿರುವಾಗಲೇ 400ರ ಉಪ್ಪುಕಾಗದವನ್ನು ರಬ್ಬರಿಗೆ ಹಗುರವಾಗಿ ಹಿಡಿದು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ರಬ್ಬರು ಕಲ್ಲಾಗಿದ್ದರೆ ಉಜ್ಜಿ ಫಲವಿಲ್ಲ, ಚಕ್ರಕ್ಕೆ ಹೊಸ ರಬ್ಬರ್ ಹಾಕಿಸಬೇಕು. ಎಡೆಬಿಡದ ಗುಂಯ್ ಎಂಬ ಶಬ್ದ ಮೋಟರ್ ನಿಲ್ಲಿಸಿದರೂ ಉಳಿದರೆ ಅದು ಅರ್ತ್ ತಂತಿಯ ಸಮಸ್ಯೆ, ಚಕ್ರವನ್ನು ಮುಟ್ಟಬೇಡಿ.

ಮೋಟರಿನ ಬುಷ್‌ಗಳಿಗೆ ಒಂದೆರಡು ಹನಿ ತೆಳು ಎಣ್ಣೆ ಸಾಕು, ಹೊಲಿಗೆ ಮಷಿನ್ ಎಣ್ಣೆಯೂ ನಡೆಯುತ್ತದೆ. ಆದರೆ ದಂಡದ ಮೇಲೆ ಒಂದು ಹನಿ ಬಿದ್ದರೂ ಚಕ್ರ ಜಾರುತ್ತದೆ. ಸ್ವಿಚ್ ಆರಿಸಿದಾಗ ಸ್ಪೀಕರಿನಲ್ಲಿ ‘ಟಪ್’ ಎಂದರೆ ಸ್ವಿಚ್ಚಿಗೆ ಅಡ್ಡ ಇರುವ ಕೆಪಾಸಿಟರ್ ಸತ್ತಿದೆ. ಪ್ಲಗ್ ಕಿತ್ತು, ಅದೇ ಮೌಲ್ಯದ್ದು ಹಾಕಿ. ಅದು ನೇರ ಮನೆ ಕರೆಂಟಿಗೆ ತಡೆಯುವ ಎಕ್ಸ್2 ದರ್ಜೆಯದೇ, 275 ವೋಲ್ಟ್ ಎಸಿಯದೇ ಆಗಿರಲಿ, ಮಾಮೂಲಿ ಕೆಪಾಸಿಟರ್ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ.

ಆರ್ಮಿನ ತಂತಿ ಬಣ್ಣ ಮೂರೂ ಯಂತ್ರಗಳಿಗೆ ಒಂದೇ: ಕೆಂಪು ಬಲ ಪ್ಲಸ್, ಹಸಿರು ಬಲ ಮೈನಸ್, ಬಿಳಿ ಎಡ ಪ್ಲಸ್, ನೀಲಿ ಎಡ ಮೈನಸ್.

ಟೆಕ್ನಿಕ್ಸ್‌ಗೆ ಹರ್ಟ್ಸ್ ಚಿಂತೆಯಿಲ್ಲ, ಒಳಗಿನ ಕ್ವಾರ್ಟ್ಜ್ ಹರಳು ವೇಗ ಕಾಯುತ್ತದೆ. ಪೂರ್ತಿ ಯಂತ್ರ ಓಡುವ ಸ್ಥಿತಿಯಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಬಹುದು, ಮುಳ್ಳಿನ ತುದಿಯನ್ನು ಹೆಡ್‌ಶೆಲ್ಲಿನ (ಆರ್ಮಿನ ತುದಿಯ ಬಿಚ್ಚುವ ಭಾಗ) ವಾಷರಿನಿಂದ 52 ಮಿ.ಮೀ. ಇಟ್ಟರೆ ಮುಗಿಯಿತು. ಬಿಡಿ ಬಿಡಿಯಾಗಿ ಕೊಂಡರೆ ಮಾತ್ರ ಕಷ್ಟ. ಮೋಟರಿನ ಅಯಸ್ಕಾಂತ ತಟ್ಟೆಯ ಅಡಿಯಲ್ಲೇ ಇದೆ, ಅದಿಲ್ಲದ ತಟ್ಟೆ ಬರೀ ಲೋಹ. ಮೋಟರ್ ನಡೆಸುವ ಎಎನ್6675 ಐಸಿ ಹೋಗಿದ್ದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದೇ ಒಂದು ಕೆಲಸ.

ಮುಳ್ಳು ಸಿಕ್ಕಿಸುವ ಕಾರ್ಟ್ರಿಜ್‌ಗೆ ಆಡಿಯೊ-ಟೆಕ್ನಿಕಾ ವಿಎಂ95 ಸರಣಿ ಅನುಕೂಲ. ಎಲ್‌ಪಿಗೆ (33ರ ಪ್ಲೇಟಿಗೆ) ಇ ಮುಳ್ಳು, 2 ಗ್ರಾಂ ಭಾರ. 78ಕ್ಕೆ ಎಸ್‌ಪಿ ಮುಳ್ಳು, 5 ಗ್ರಾಂ. ಮುಳ್ಳನ್ನಷ್ಟೇ ಬದಲಿಸಿ, ಭಾರವನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಎಲ್‌ಪಿ ಮುಳ್ಳಿನಲ್ಲಿ 78 ನುಡಿಸಿದರೆ ಅದು ಪ್ಲೇಟಿನ ಗೀರಿನ ತಳದಲ್ಲಿ ಜಾರಾಡಿ ಬರೀ ಉಜ್ಜುವ ಶಬ್ದ ಕೊಡುತ್ತದೆ. 78ಕ್ಕೆ ಆಂಪ್ಲಿಫಯರಿನ ಮೊನೊ ಗುಂಡಿ ಒತ್ತಿದರೆ ಐಡ್ಲರಿನ ಮೇಲೆ-ಕೆಳಗಿನ ನಡುಕವೂ ಬಹುಪಾಲು ಅಳಿಯುತ್ತದೆ.

ವಾರಕ್ಕೊಮ್ಮೆ ಎಲ್‌ಪಿ ಹಾಕಿ, ಸ್ಕ್ರೂಡ್ರೈವರ್ ಮುಟ್ಟಲು ಇಷ್ಟವಿಲ್ಲದವರು ಟೆಕ್ನಿಕ್ಸ್ ಕೊಳ್ಳಲಿ. 50 ಹರ್ಟ್ಸ್ ಪುಲಿಯಿರುವ ಥೋರೆನ್ಸ್ ಯುರೋಪಿನಿಂದ ಬಂದಿದ್ದರೆ ಅದನ್ನೂ ಬಿಡಬೇಕಿಲ್ಲ. ನನ್ನ ಮೇಜಿನ ಮೇಲೆ ಲೆಂಕೊ ಇದೆ. ವಿ-ಬ್ಲಾಕ್, ಐಡ್ಲರ್ ರಬ್ಬರು, ಕೆಪಾಸಿಟರ್ ಮೂರನ್ನೂ ಸೇರಿಸಿದರೂ ಕಾರ್ಟ್ರಿಜ್‌ಗಿಂತ ಕಡಿಮೆ ಖರ್ಚಾಗಿದೆ.