ಜಗತ್ತಿನ ಷೇರುಗಳೆಲ್ಲ ಒಂದೇ ಇಟಿಎಫ್‌ನಲ್ಲಿ ಬೇಕೆಂದರೆ: ಮೂರು ದಾರಿಗಳ ಹೋಲಿಕೆ

ನಿಫ್ಟಿ, ಬ್ಯಾಂಕ್, ಐಟಿ, ಚಿನ್ನ, ಬೆಳ್ಳಿ ಎಂದು ನಮ್ಮ ಷೇರುಪೇಟೆಯಲ್ಲಿ ಇಟಿಎಫ್‌ಗಳಿಗೇನೂ ಬರವಿಲ್ಲ. ಷೇರಿನಂತೆಯೇ ಪೇಟೆಯಲ್ಲಿ ಕೊಂಡು ಮಾರುವ ಫಂಡ್‌ಗಳಿವು. ವಿದೇಶದ ಷೇರು ಎಂದಕೂಡಲೇ ಪಟ್ಟಿ ಬೆರಳೆಣಿಕೆಗೆ ಇಳಿಯುತ್ತದೆ. ಅಮೆರಿಕದ ಸೂಚ್ಯಂಕಗಳಾದ ನಾಸ್ಡಾಕ್ 100, ಫ್ಯಾಂಗ್ ಪ್ಲಸ್, ಎಸ್ ಅಂಡ್ ಪಿ 500ರ ಮೊದಲ 50 ಕಂಪನಿ, ಹಾಂಗ್‌ಕಾಂಗ್‌ನ ಹ್ಯಾಂಗ್‌ಸೆಂಗ್, ಹೆಚ್ಚುಕಡಿಮೆ ಇಷ್ಟೇ. ಯುರೋಪ್ ಇಲ್ಲ, ಜಪಾನ್ ಇಲ್ಲ, ಇಡೀ ಜಗತ್ತನ್ನು ಒಳಗೊಂಡದ್ದಂತೂ ಇಲ್ಲವೇ ಇಲ್ಲ. ಈ ಕೊರತೆ ತುಂಬಿಕೊಳ್ಳಲು ಇರುವ ಮೂರು ದಾರಿಗಳನ್ನೂ ಬಳಸಿ ನೋಡಿದ ಮೇಲೆ ನಾವು ಕಂಡದ್ದು ಇದು.

ಇಲ್ಲಿಯೇ ಸಿಗುವ ನಾಸ್ಡಾಕ್ ಇಟಿಎಫ್

ಕೊಳ್ಳುವುದು ಸುಲಭ. ಡಿಮ್ಯಾಟ್ ಖಾತೆ ಸಾಕು, ವಿದೇಶಕ್ಕೆ ಹಣ ಕಳಿಸಬೇಕಿಲ್ಲ, 12 ತಿಂಗಳು ದಾಟಿದರೆ ಲಾಭಕ್ಕೆ ಶೇ 12.5 ತೆರಿಗೆ. ತೊಡಕಿರುವುದು ಬೆಲೆಯಲ್ಲಿ. ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶದಲ್ಲಿ ಹೂಡಲು 700 ಕೋಟಿ ಡಾಲರ್, ವಿದೇಶಿ ಇಟಿಎಫ್‌ಗಳಿಗೆ ಪ್ರತ್ಯೇಕವಾಗಿ 100 ಕೋಟಿ ಡಾಲರ್ ಎಂಬ ಮಿತಿಯಿದೆ. ಮೊದಲನೆಯದು 2022ರ ಆರಂಭದಲ್ಲೇ ಅಂಚು ಮುಟ್ಟಿತು. ವಿದೇಶಿ ಇಟಿಎಫ್‌ಗಳಲ್ಲಿ ಹೂಡುವ ಯೋಜನೆಗಳಿಗೆ 2024ರ ಏಪ್ರಿಲ್ 1ರಿಂದ ಹೊಸ ಹಣ ಪಡೆಯದಂತೆ ಸೂಚನೆ ಬಂತು.

ಬೇಡಿಕೆ ಹೆಚ್ಚಿದಾಗ ಮಾರ್ಕೆಟ್ ಮೇಕರ್ (ಫಂಡ್ ಕಂಪನಿ ನೇಮಿಸಿದ ವರ್ತಕ) ಹೊಸ ಯೂನಿಟ್ ಸೃಷ್ಟಿಸಿ ಮಾರುವುದರಿಂದಲೇ ಇಟಿಎಫ್ ಬೆಲೆ ಎನ್‌ಎವಿಯ, ಅಂದರೆ ಯೂನಿಟ್‌ನ ಒಳಗಿರುವ ಷೇರುಗಳ ಮೌಲ್ಯದ, ಹತ್ತಿರ ನಿಲ್ಲುತ್ತದೆ. ಮಿತಿ ತುಂಬಿ ಸೃಷ್ಟಿಯೇ ನಿಂತರೆ ಇರುವ ಯೂನಿಟ್‌ಗಳಿಗೇ ಪೈಪೋಟಿ ಬಿದ್ದು ಬೆಲೆ ಏರುತ್ತದೆ. ಯೂನಿಟ್ ಹಿಂತಿರುಗಿಸುವ ದಾರಿ ತೆರೆದೇ ಇರುವುದರಿಂದ ಬೆಲೆ ಎನ್‌ಎವಿಗಿಂತ ತೀರಾ ಕೆಳಗೆ ಹೋಗುವುದು ಅಪರೂಪ. ಹೀಗಾಗಿ ನಷ್ಟ ಬರುವುದು ಬಹುಪಾಲು ದುಬಾರಿಗೆ ಕೊಂಡವರಿಗೇ. ಎನ್‌ಎವಿ ₹100 ಇದ್ದಾಗ ₹115 ಕೊಟ್ಟರೆ, ಸೂಚ್ಯಂಕ ಕದಲದಿದ್ದರೂ ಪ್ರೀಮಿಯಂ (ಎನ್‌ಎವಿಗಿಂತ ಹೆಚ್ಚು ಕೊಟ್ಟ ಭಾಗ) ಕರಗಿದ ದಿನ ಶೇ 13ರಷ್ಟು ಹೋಯಿತು. ಮಿತಿ ಸಡಿಲವಾದರೆ ಇದು ಕೆಲವೇ ದಿನಗಳಲ್ಲಿ ಆಗಬಹುದು.

ಕೊಳ್ಳಲೇಬೇಕಿದ್ದರೆ ಫಂಡ್ ಕಂಪನಿಯ ಜಾಲತಾಣದಲ್ಲಿ ಐ-ಎನ್‌ಎವಿ (ಪೇಟೆ ನಡೆಯುವಾಗಿನ ಅಂದಾಜು ಎನ್‌ಎವಿ) ನೋಡಿ, ಅದಕ್ಕಿಂತ ಶೇ 2ಕ್ಕೂ ಹೆಚ್ಚು ಕೊಡದಂತೆ ಲಿಮಿಟ್ ಆರ್ಡರ್ ಹಾಕಿ. ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡವೇ ಬೇಡ. ಇನ್ನೊಂದು ಸೂಕ್ಷ್ಮ: ನಮ್ಮ ಪೇಟೆ ನಡೆಯುವಾಗ ಅಮೆರಿಕದ ಪೇಟೆ ಮುಚ್ಚಿರುತ್ತದೆ. ಐ-ಎನ್‌ಎವಿ ಹಿಂದಿನ ರಾತ್ರಿಯ ಮುಕ್ತಾಯದ ಬೆಲೆಯನ್ನೇ ನೆಚ್ಚಿಕೊಂಡಿರುವುದರಿಂದ ಶೇ ಒಂದರಷ್ಟು ವ್ಯತ್ಯಾಸ ನಿಜವಾದ ಏರಿಳಿತವೂ ಆಗಿರಬಹುದು. ಶೇ 10 ಮಾತ್ರ ಖಂಡಿತ ಪ್ರೀಮಿಯಂ.

ಅಮೆರಿಕದ ಪೇಟೆಯ ಇಟಿಎಫ್

ಖರ್ಚಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಎಸ್ ಅಂಡ್ ಪಿ 500ರ ವಿಒಒಗೆ ವರ್ಷಕ್ಕೆ ಶೇ 0.03. ಇಡೀ ಜಗತ್ತಿನ ವಿಟಿಗೂ ಶೇ 0.1ಕ್ಕಿಂತ ಕಡಿಮೆ. ಡಿವಿಡೆಂಡ್‌ನಲ್ಲಿ ಶೇ 25 ಅಲ್ಲಿಯೇ ಕಡಿತವಾಗುತ್ತದೆ. ಅದನ್ನು ಇಲ್ಲಿನ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಪ್ರತಿವರ್ಷ ಅದಕ್ಕೆಂದೇ ಬೇರೆ ಫಾರ್ಮ್ ತುಂಬಬೇಕು.

ನಮ್ಮನ್ನು ಹಿಮ್ಮೆಟ್ಟಿಸಿದ್ದು ಎಸ್ಟೇಟ್ ತೆರಿಗೆ. ಅಮೆರಿಕದ ಪೌರರೂ ನಿವಾಸಿಗಳೂ ಅಲ್ಲದವರು ತೀರಿಕೊಂಡಾಗ ಅಲ್ಲಿನ ಆಸ್ತಿ 60,000 ಡಾಲರ್ ದಾಟಿದ್ದರೆ, ಮೀರಿದ ಭಾಗಕ್ಕೆ ಶೇ 40ರವರೆಗೂ ತೆರಿಗೆ ಬೀಳುತ್ತದೆ. ಭಾರತದೊಂದಿಗೆ ಇದಕ್ಕೆ ಒಪ್ಪಂದವಿಲ್ಲ. ಕಂಪನಿಯಿಂದ ಅಮೆರಿಕದ ಷೇರು ಪಡೆದ ಬೆಂಗಳೂರಿನ ಐಟಿ ಉದ್ಯೋಗಿಗಳು ಅದನ್ನೂ ಈ ಮೊತ್ತಕ್ಕೆ ಸೇರಿಸಿ ನೋಡಬೇಕು. ಎಷ್ಟೋ ಜನ ತಿಳಿಯದೆಯೇ ಗಡಿ ದಾಟಿರುತ್ತಾರೆ.

ಐರ್ಲೆಂಡಿನ ಇಟಿಎಫ್, ಲಂಡನ್ ಪೇಟೆಯಲ್ಲಿ

ದೀರ್ಘಾವಧಿಗೆ ನಮ್ಮ ಆಯ್ಕೆ ಇದೇ. ಫಂಡ್ ಐರ್ಲೆಂಡಿನದಾದ್ದರಿಂದ ಅಮೆರಿಕದ ಎಸ್ಟೇಟ್ ತೆರಿಗೆ ತಗಲುವುದಿಲ್ಲ. ಅಮೆರಿಕದ ಡಿವಿಡೆಂಡ್‌ಗೆ ಫಂಡ್‌ನ ಒಳಗೇ ಶೇ 15 ಕಡಿತವಾಗುತ್ತದೆ, ಅದು ನಿಮಗೆ ವಾಪಸ್ ಸಿಗದು. ಆದರೆ ಅಕ್ಯುಮುಲೇಟಿಂಗ್ ಬಗೆಯಲ್ಲಿ ಉಳಿದ ಡಿವಿಡೆಂಡ್ ಕೈಗೆ ಬಾರದೆ ಫಂಡ್‌ನಲ್ಲೇ ಮರುಹೂಡಿಕೆಯಾಗುತ್ತದೆ. ಶೇ 30ರ ಸ್ಲ್ಯಾಬ್‌ನಲ್ಲಿರುವವರಿಗೆ ವರ್ಷವರ್ಷದ ಡಿವಿಡೆಂಡ್ ತೆರಿಗೆ ತಪ್ಪಿ, 24 ತಿಂಗಳ ನಂತರ ಮಾರಿದಾಗ ಶೇ 12.5 ಮಾತ್ರ. ಎಸ್ ಅಂಡ್ ಪಿ 500ರ ಸಿಎಸ್‌ಪಿಎಕ್ಸ್‌ಗೆ ಖರ್ಚು ಶೇ 0.07. ಇಡೀ ಜಗತ್ತಿನ ವಿಡಬ್ಲ್ಯುಆರ್‌ಎಗೆ ಶೇ 0.2ರ ಆಸುಪಾಸು.

ಎಡವುವುದು ಹೆಸರಿನಲ್ಲಿ. ವಿಡಬ್ಲ್ಯುಆರ್‌ಎ ಡಾಲರ್‌ನಲ್ಲಿ, ಮರುಹೂಡಿಕೆಯದು. ವಿಡಬ್ಲ್ಯುಆರ್‌ಪಿ ಅದೇ, ಆದರೆ ಪೌಂಡ್‌ನಲ್ಲಿ. ವಿಡಬ್ಲ್ಯುಆರ್‌ಎಲ್, ವಿಡಬ್ಲ್ಯುಆರ್‌ಡಿ ಎರಡೂ ಡಿವಿಡೆಂಡ್ ಹಂಚುವಂಥವು. ಒಂದಕ್ಷರ ತಪ್ಪಿದರೆ ಕರೆನ್ಸಿ ಬದಲಾವಣೆಯ ಖರ್ಚೋ ಬೇಡದ ಡಿವಿಡೆಂಡೋ ಬೆನ್ನು ಹತ್ತುತ್ತದೆ. ಆರ್ಡರನ್ನು ಬೇಸಿಗೆಯಲ್ಲಿ ಸಂಜೆ 7ರಿಂದ 9, ಚಳಿಗಾಲದಲ್ಲಿ ರಾತ್ರಿ 8ರಿಂದ 10ರ ನಡುವೆ ಹಾಕಿ. ಆಗ ಲಂಡನ್, ನ್ಯೂಯಾರ್ಕ್ ಎರಡೂ ತೆರೆದಿದ್ದು, ಕೊಳ್ಳುವ ಮಾರುವ ಬೆಲೆಗಳ ಅಂತರ ಕಡಿಮೆ ಇರುತ್ತದೆ. ಬ್ರೋಕರ್ ಆರಿಸುವಾಗ ಲಂಡನ್ ಪೇಟೆ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಅಮೆರಿಕದ ಷೇರಷ್ಟೇ ಮಾರುವ ಆ್ಯಪ್‌ಗಳಲ್ಲಿ ಇದು ಇರುವುದಿಲ್ಲ.

ಹಣ ಕಳಿಸುವ ಖರ್ಚು

ಕೊನೆಯ ಎರಡು ದಾರಿಗಳಿಗೂ ಎಲ್‌ಆರ್‌ಎಸ್ (ಇಲ್ಲಿನ ನಿವಾಸಿಗಳು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕ್ ಯೋಜನೆ) ಅಡಿಯಲ್ಲೇ ಹಣ ಹೋಗಬೇಕು, ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ. ಬ್ಯಾಂಕಿನ ಶುಲ್ಕ, ಮಧ್ಯದ ಬ್ಯಾಂಕಿನ ಕಡಿತ ಸೇರಿ ₹1,500 ಆಯಿತೆಂದುಕೊಳ್ಳಿ: ₹50,000ಕ್ಕೆ ಅದು ಶೇ 3, ₹5 ಲಕ್ಷಕ್ಕೆ ಶೇ 0.3. ಆದ್ದರಿಂದ ತಿಂಗಳಿಗೊಮ್ಮೆ ಚೂರುಚೂರು ಕಳಿಸುವುದಕ್ಕಿಂತ ವರ್ಷಕ್ಕೆ ಒಂದೆರಡು ಬಾರಿ ಕಳಿಸುವುದೇ ಲಾಭ. ಶುಲ್ಕ ಶೂನ್ಯ ಎನ್ನುವ ಬ್ಯಾಂಕ್ ಡಾಲರ್ ದರದಲ್ಲಿ ಶೇ 1 ಏರಿಸಿದರೆ ₹5 ಲಕ್ಷಕ್ಕೆ ₹5,000 ಹೋಗುತ್ತದೆ. ಕಳಿಸುವ ಮುನ್ನ ದರವನ್ನು ಬರಹದಲ್ಲೇ ಕೇಳಿ. ವರ್ಷಕ್ಕೆ ₹10 ಲಕ್ಷ ಮೀರಿದ ಭಾಗಕ್ಕೆ ಶೇ 20 ಟಿಸಿಎಸ್ (ಬ್ಯಾಂಕ್ ಮೊದಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ರಿಟರ್ನ್‌ನಲ್ಲಿ ಅದು ಹೊಂದಿಕೆಯಾದರೂ ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಿರುತ್ತದೆ. ಹೂಡದೆ ಉಳಿದ ಡಾಲರನ್ನು 180 ದಿನದೊಳಗೆ ವಾಪಸ್ ತರಬೇಕು.

ವರ್ಷಕ್ಕೆ ಒಂದು ಲಕ್ಷವೂ ಹೊರಗೆ ಹೂಡಲಾಗದವರಿಗೆ ನಮ್ಮ ಸಲಹೆ, ಇಲ್ಲಿನ ಇಟಿಎಫ್‌ನ ಪ್ರೀಮಿಯಂ ಇಳಿಯುವವರೆಗೆ ಕಾಯುವುದು. ಹೊರಗೆ ಹೂಡುವವರು ರಿಟರ್ನ್‌ನ ಎಫ್‌ಎ (ವಿದೇಶಿ ಆಸ್ತಿ) ಷೆಡ್ಯೂಲ್‌ನಲ್ಲಿ ಪ್ರತಿ ಹೂಡಿಕೆಯನ್ನೂ ತೋರಿಸಲೇಬೇಕು. ಅದರ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗಲ್ಲ, ಜನವರಿಯಿಂದ ಡಿಸೆಂಬರ್‌ಗೆ. ಬಿಟ್ಟರೆ ₹10 ಲಕ್ಷ ದಂಡದ ಅವಕಾಶ ಕಾನೂನಿನಲ್ಲಿದೆ. ಸ್ಥಿರಾಸ್ತಿ ಬಿಟ್ಟು ವಿದೇಶಿ ಆಸ್ತಿ ಒಟ್ಟು ₹20 ಲಕ್ಷ ಮೀರದವರಿಗೆ 2024ರ ಅಕ್ಟೋಬರ್‌ನಿಂದ ಆ ದಂಡದಿಂದ ವಿನಾಯಿತಿ ಸಿಕ್ಕಿದೆ, ತೋರಿಸುವ ಹೊಣೆಯಿಂದಲ್ಲ.