ಸಿಲಿಂಡರ್ ಬ್ಯಾರೆಲ್‌ಗೆ ಯಾವ ಬಗೆಯ ದಪ್ಪ ಗೋಡೆಯ ಪೈಪ್ ಒಳ್ಳೆಯದು?

ಪೀಣ್ಯದ ನಮ್ಮ ಶಾಪ್‌ನಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಸಿಲಿಂಡರ್ ಮಾಡುತ್ತೇವೆ. 90 ಮಿ.ಮೀ. ಬೋರ್ (ಒಳವ್ಯಾಸ), 200 ಬಾರ್ ಒತ್ತಡ. ಪಿಸ್ಟನ್ ಓಡಾಡುವ ಕೊಳವೆಗೆ, ಅಂದರೆ ಬ್ಯಾರೆಲ್‌ಗೆ, ಮೂರು ಬಗೆಯ ಮಾಲು ಹಾಕಿ ನೋಡಿದ್ದೇವೆ.

ಗಟ್ಟಿ ರಾಡ್ ತಂದು ಬೋರ್ ಹೊಡೆಯುವುದು ಹಳೇ ದಾರಿ. 115 ಮಿ.ಮೀ. ದಪ್ಪದ ಇಎನ್ 8 (ಮಧ್ಯಮ ಕಾರ್ಬನ್ ಉಕ್ಕು) ರೌಂಡ್ ಬಾರ್ ಮೀಟರ್‌ಗೆ 81 ಕೆಜಿ ತೂಗುತ್ತದೆ. ಅದರಲ್ಲಿ 50 ಕೆಜಿ ಚಿಪ್ಸ್ ಆಗಿಯೇ ಹೋಗುತ್ತದೆ. ಗೇಣುದ್ದದ ಜಾಕ್‌ಗೆ ಸರಿ, ಉದ್ದ ಬ್ಯಾರೆಲ್‌ಗೆ ಬೇಡವೇ ಬೇಡ.

ಆಮೇಲೆ ಹೆಸರಿಗೆ 4 ಇಂಚಿನ, ಶೆಡ್ಯೂಲ್ 160 (ಗೋಡೆಯ ದಪ್ಪದ ದರ್ಜೆ) ಸೀಮ್‌ಲೆಸ್ ಅಂದರೆ ಜೋಡಣೆ ಇಲ್ಲದ ಪೈಪ್, ಉಕ್ಕಿನ ದರ್ಜೆ ಎ106 ಗ್ರೇಡ್ ಬಿ. ಹೊರಗೆ 114.3, ಗೋಡೆ 13.49, ಒಳಗೆ 87.3 ಮಿ.ಮೀ. 90ಕ್ಕೆ ಬೋರ್ ಮಾಡಿದರೆ ಆಯ್ತು ಅಂತ ಅನಿಸುತ್ತದೆ, ಅಲ್ವಾ? ಬಲದ ಚಿಂತೆಯೂ ಇಲ್ಲ. 200 ಬಾರ್‌ನಲ್ಲಿ ಗೋಡೆಯ ಮೇಲೆ ಬೀಳುವ ಎಳೆತ ಸರಾಸರಿ ಸುಮಾರು 75 ಎಂಪಿಎ (ಮೆಗಾಪಾಸ್ಕಲ್), ಈ ಉಕ್ಕು ಕನಿಷ್ಠ 240ರವರೆಗೆ ತಡೆಯುತ್ತದೆ. ತೊಂದರೆ ಇರುವುದು ಗೋಡೆಯ ದಪ್ಪದಲ್ಲಿ. ಕಾದ ಬಿಲ್ಲೆಟ್‌ಗೆ (ಗಟ್ಟಿ ಉಕ್ಕಿನ ದಿಮ್ಮಿಗೆ) ತೂತು ಕೊರೆದು ಉರುಳಿಸಿ ಮಾಡುವ ಪೈಪ್ ಇದು, ತೂತು ನಡುವಿನಿಂದ ಸ್ವಲ್ಪ ಸರಿಯುತ್ತದೆ. ಗೋಡೆ ಶೇ. 12.5ರಷ್ಟು ತೆಳ್ಳಗಿದ್ದರೂ ನಿಯಮದ ಪ್ರಕಾರ ಮಾಲು ಸರಿಯೇ. ಅಂದರೆ ಒಂದು ಕಡೆ 1.7 ಮಿ.ಮೀ. ಕಡಿಮೆ ಇರಬಹುದು. ನಾವು ತೆಗೆಯುವುದು ಬದಿಗೆ 1.35 ಮಾತ್ರ. ಕೆಲವು ತುಂಡುಗಳಲ್ಲಿ ಟೂಲ್ ಒಂದು ಕಡೆ ಮುಟ್ಟಲೇ ಇಲ್ಲ, ಕಪ್ಪು ಪೊರೆ ಹಾಗೇ ಉಳಿಯಿತು. ಅಂಥ ಬೋರ್‌ನಲ್ಲಿ ಪಿಸ್ಟನ್ ಸೀಲ್ ಬಾಳುವುದಿಲ್ಲ. ಹಾಗಂತ ಪೈಪ್ ಕೆಟ್ಟದ್ದಲ್ಲ. ಬಾಯ್ಲರ್, ರಿಫೈನರಿಗಳ ಬಿಸಿ ಲೈನ್‌ಗೆಂದೇ ಮಾಡಿದ್ದು ಅದು. ಅಲ್ಲಿ ಒಳಮೈ ನುಣುಪು ಯಾರಿಗೂ ಬೇಕಿಲ್ಲ.

ಈಗ ನಾವು ತರಿಸುವುದು ಕೋಲ್ಡ್ ಡ್ರಾನ್ (ಕಾಯಿಸದೆ ಎಳೆದು ಮಾಡಿದ), ಹೋನಿಂಗ್ ಮಾಡಿದ (ಒಳಮೈ ಉಜ್ಜಿ ನುಣುಪು ಮಾಡಿದ) ಟ್ಯೂಬ್, ಹೊರಗೆ 110, ಒಳಗೆ 90 ಮಿ.ಮೀ. ಮೀಟರ್‌ಗೆ 25 ಕೆಜಿ ಕೂಡ ಇಲ್ಲ. ಅಳತೆ ಎಚ್8 ಟಾಲರೆನ್ಸ್‌ನಲ್ಲಿ ಬರುತ್ತದೆ, ಅಂದರೆ ಬೋರ್ 90.000ದಿಂದ 90.054 ಮಿ.ಮೀ. ಒಳಗೆ. ಕತ್ತರಿಸಿ, ತುದಿಯ ಕೆಲಸ ಮುಗಿಸಿದರೆ ಬ್ಯಾರೆಲ್ ರೆಡಿ. ಕೆಜಿ ರೇಟು ಜಾಸ್ತಿ ನಿಜ, ಆದರೆ ಲೇತ್ ಸಮಯ ಲೆಕ್ಕ ಹಾಕಿದರೆ ಇದೇ ಅಗ್ಗ. ಇದರಲ್ಲಿ ವೆಲ್ಡ್ ಮಾಡಿ ಎಳೆದ ಟ್ಯೂಬ್ ಕೂಡ ಸಿಗುತ್ತದೆ. ಜೋಡಣೆ ಇದೆ ಅಂತ ಗಿರಾಕಿಗಳು ಹೆದರುತ್ತಾರೆ. ಆದರೆ ಒಂದೇ ದಪ್ಪದ ಪಟ್ಟಿ ಸುತ್ತಿ ಮಾಡುವುದರಿಂದ ಅದರ ಗೋಡೆ ಸೀಮ್‌ಲೆಸ್‌ಗಿಂತ ಸಮನಾಗಿರುತ್ತದೆ. ನಾನಂತೂ ಧೈರ್ಯವಾಗಿ ಹಾಕುತ್ತೇನೆ.

ಒಂದು ಎಚ್ಚರಿಕೆ. ಹೋನ್ ಆದ ಟ್ಯೂಬ್‌ಗೆ ಪೋರ್ಟ್ (ಎಣ್ಣೆ ಹೋಗಿ ಬರುವ ಬಾಯಿ) ವೆಲ್ಡ್ ಮಾಡಿದರೆ ಶಾಖಕ್ಕೆ ಆ ಜಾಗದಲ್ಲಿ ಬೋರ್ ಕುಗ್ಗುತ್ತದೆ. ಆದಷ್ಟು ತುದಿಯ ಹತ್ತಿರ, ಸೀಲ್ ಓಡಾಡದ ಕಡೆ ಪೋರ್ಟ್ ಇಡಿ. ವೆಲ್ಡ್ ಆದ ಮೇಲೆ ಬೋರ್ ಗೇಜ್ ಹಾಕಿ ಇನ್ನೊಮ್ಮೆ ಅಳೆಯಿರಿ.