ಒಟ್ಟಿಗೆ ಕಲಿಸಲು ಯಾವುದು: ಕೇಸ್ ಚರ್ಚೆ, ಸಿಮ್ಯುಲೇಷನ್, ಮನೆ ಭೇಟಿ?

ಮೆಡಿಕಲ್, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳಿಗೆ ತಂಡದ ಕೆಲಸ ಕಲಿಸಲು ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಒಂದೇ ಹಾಲ್‌ನಲ್ಲಿ ಕೂರಿಸಿ ಸುಮ್ನೆ ಪಾಠ ಮಾಡಿದರೆ ಸಾಲದು. ಪರಸ್ಪರರ ಬಗ್ಗೆ, ಪರಸ್ಪರರಿಂದ, ಜೊತೆಯಾಗಿ ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ.

ಖರ್ಚು ನೋಡಿದರೆ ಕೇಸ್ ಚರ್ಚೆಯೇ ಅಗ್ಗ. ಪಾರ್ಶ್ವವಾಯು ರೋಗಿಯ ಡಿಸ್ಚಾರ್ಜ್ ಕಥೆ, ಆರೇಳು ಜನ, ಒಂದು ಕೋಣೆ ಸಾಕು. ಸಿಮ್ಯುಲೇಷನ್‌ಗೆ, ಅಂದರೆ ನಿಜದಂಥ ಸನ್ನಿವೇಶ ಕಟ್ಟಿ ಮಾಡುವ ಅಭ್ಯಾಸಕ್ಕೆ, ರೋಗಿಯ ಬದಲು ಗೊಂಬೆ, ತರಬೇತಾದ ಶಿಕ್ಷಕರು ಬೇಕು. ಗೊಂಬೆ ಇಲ್ಲದಿದ್ದರೆ ಒಬ್ಬರು ರೋಗಿಯ ಪಾತ್ರ ಮಾಡಬಹುದು. ಮನೆ ಭೇಟಿಗೆ ವಾಹನ, ಅರ್ಧ ದಿನ. ನಿಜವಾದ ತಲೆನೋವು ಮಾತ್ರ ಮೂರಕ್ಕೂ ಒಂದೇ: ಎಲ್ಲರ ಟೈಮ್‌ಟೇಬಲ್ ಹೊಂದಿಸುವುದು.

ಮಾತಾಡುವ ಧೈರ್ಯ ಬರಿಸಲು ಸಿಮ್ಯುಲೇಷನ್ ಮೇಲು. ಚರ್ಚೆಯಲ್ಲಿ ಮೆಡಿಕಲ್‌ನವರೇ ಜಾಸ್ತಿ ಮಾತಾಡಿಬಿಡುತ್ತಾರೆ, ಅಲ್ವಾ? ಸಿಮ್ಯುಲೇಷನ್‌ನಲ್ಲಿ ರೋಗಿಯ ಬಿಪಿ ಇಳಿಯುತ್ತಿರುವಾಗ ನರ್ಸಿಂಗ್ ವಿದ್ಯಾರ್ಥಿನಿ “ಆ ಡೋಸ್ ಇನ್ನೊಮ್ಮೆ ನೋಡಿ” ಎನ್ನಲೇಬೇಕು. ಎಸ್‌ಬಿಎಆರ್ ಕ್ರಮದಲ್ಲಿ, ಅಂದರೆ ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ ಎಂದು ಹೇಳುವ ಅಭ್ಯಾಸ ಕೈಗೆ ಹತ್ತುವುದೂ ಇಲ್ಲೇ. ಆದರೆ ಕೊನೆಯಲ್ಲಿ ಏನು ಸರಿ, ಏನು ತಪ್ಪಾಯಿತು ಎಂದು ಮಾತಾಡಿಕೊಳ್ಳಲು ಸಮಯ ಇಡದಿದ್ದರೆ ಅದು ಬರೀ ನಾಟಕ.

ಮನೆ ಭೇಟಿಯಲ್ಲಿ ಬೇರೆಯದೇ ಪಾಠ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಎಲ್ಲಿಡುವುದು? ಉತ್ತರ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ಮೊದಲ ವರ್ಷದವರು, ಕೈಯಲ್ಲಿ ಕಾಸಿಲ್ಲ ಎಂದರೆ ಚರ್ಚೆ. ವಾರ್ಡ್‌ಗೆ ಹೋಗಲಿರುವವರಿಗೆ ಸಿಮ್ಯುಲೇಷನ್. ಮನೆ ಭೇಟಿ ಬೇಕೆಂದರೆ, ಎಂಬಿಬಿಎಸ್‌ನವರು ಕುಟುಂಬ ದತ್ತು ಕಾರ್ಯಕ್ರಮಕ್ಕೆ (ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವಿದ್ಯಾರ್ಥಿಗಳು ಗಮನಿಸುತ್ತಿರುವುದು) ಹೇಗೂ ಹಳ್ಳಿಗೆ ಹೋಗುತ್ತಾರಲ್ಲ, ಅದೇ ಬಸ್ಸಿನಲ್ಲಿ ನರ್ಸಿಂಗ್‌ನವರಿಗೂ ನಾಲ್ಕು ಸೀಟು ಕೇಳಿ ನೋಡಿ.